ರೈಟರ್ ಮನೆಯ ಸರ್ವರ್

ಕಲ್ಲುಗುಡ್ಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದಯಾನಂದ ಒಂದು ಭಾನುವಾರ ಆಲ್ದೂರಿನ ಷಡ್ಡಕನ ಮನೆಗೆ ಊಟಕ್ಕೆ ಹೋದವನು, ವಾಪಸು ಬರುವಾಗ ಬಣಕಲ್ ತಲುಪುವವರೆಗೂ ಬಸ್ಸಿನಲ್ಲಿ ಹೆಂಡತಿಯ ಜೊತೆ ಒಂದು ಮಾತೂ ಆಡಲಿಲ್ಲ. ಊಟದಲ್ಲಿ ಕೊರತೆ ಇರಲಿಲ್ಲ. ಕಡುಬು ಎರಡು ಸಲ ಹಾಕಿಸಿಕೊಂಡಿದ್ದ. ತೊಂದರೆ ಆದದ್ದು ಊಟದ ನಂತರ.

ಷಡ್ಡಕ ದೇವರಾಜ ಹದಿನೈದು ಎಕರೆ ಕಾಫಿ ತೋಟದ ಯಜಮಾನ. ಅವನ ಹೆಂಡತಿ ಪವಿತ್ರಾ, ದಯಾನಂದನ ಹೆಂಡತಿ ರೇವತಿಯ ತಂಗಿ. ಎಲ್ಲರೂ ಅಡಿಕೆ ಎಲೆ ಹಾಕಿಕೊಂಡು ಕೂತಾಗ ದೇವರಾಜ ಟೀವಿಯ ಪಕ್ಕದಲ್ಲಿದ್ದ ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿ, "ಇದು ಹೋಮ್ ಸರ್ವರ್ ಭಾವ. ನಮ್ಮ ಮನೆಯ ಫೋಟೋ, ವಿಡಿಯೋ ಎಲ್ಲ ಇದರೊಳಗೇ" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ರಿಮೋಟನ್ನು ಬಾಯಿಯ ಹತ್ತಿರ ಹಿಡಿದು "ಪವಿತ್ರಾ" ಎಂದ. ತಕ್ಷಣ ಟೀವಿಯ ತುಂಬ ಪವಿತ್ರಾ: ಶಾಲೆಯ ಯೂನಿಫಾರ್ಮಿನಲ್ಲಿ, ಮದುವೆಯ ಮಂಟಪದಲ್ಲಿ, ಸ್ಕೂಟಿಯ ಮೇಲೆ. ಆಮೇಲೆ "ದಯಾನಂದ" ಎಂದ. ಟೀವಿಯ ತುಂಬ ದಯಾನಂದ. ನೆಂಟರಿಷ್ಟರ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಕಡೆಯೂ ಇದ್ದ. ಎಲ್ಲ ಕಡೆಯೂ ಊಟ ಮಾಡುತ್ತಿದ್ದ.

"ಮೆಷಿನ್ನಿಗೆ ನಿಮ್ಮ ಗುರುತು ಎಷ್ಟು ಚೆನ್ನಾಗಿ ಸಿಕ್ಕಿದೆ ನೋಡಿ ಭಾವ" ಎಂದು ದೇವರಾಜ ನಕ್ಕ. "ಬಾಯಿ ತುಂಬಿದ್ರೂ ಬಿಡ್ಲಿಲ್ಲ."

ಬಣಕಲ್‌ನಲ್ಲಿ ಬಸ್ಸಿಳಿದು, ಜೀಪಿನಲ್ಲಿ ತಮ್ಮ ಊರಾದ ನೆಲ್ಲಿಬೈಲಿನ ಕಡೆ ತಿರುಗಿದಾಗ ದಯಾನಂದ ಬಾಯಿ ಬಿಟ್ಟ. "ನಾವೂ ಒಂದು ಸರ್ವರ್ ತರೋಣ."

"ಎಂತಕ್ಕೆ? ನಿಮ್ಮ ಊಟ ನೋಡೋಕಾ?" ಎಂದಳು ರೇವತಿ.

ತಂದೇ ತಂದ. ದೇವರಾಜನದು ದೊಡ್ಡದು, ಇವನದು ಅದೇ ಕಂಪನಿಯ ಚಿಕ್ಕದು. ಸ್ವಲ್ಪ ದೊಡ್ಡ ಟಿಫನ್ ಡಬ್ಬಿಯಷ್ಟಿದ್ದು, ಮುಂದೆ ಒಂದು ಹಸಿರು ದೀಪ ಮಿನುಗುತ್ತಿತ್ತು. ರೇವತಿ ಮೊಬೈಲಿನಲ್ಲಿದ್ದ ಫೋಟೋಗಳನ್ನೆಲ್ಲ ಅದಕ್ಕೆ ತುಂಬಿಸಿದಳು. ಮೊಬೈಲಿನಲ್ಲಿ ಜಾಗವಿಲ್ಲ ಎಂದು ಅಲ್ಲಿದ್ದದ್ದನ್ನೆಲ್ಲ ಅಳಿಸಿಯೂ ಬಿಟ್ಟಳು. ಆಮೇಲೆ ದಯಾನಂದ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಆಳುಗಳ ಹಾಜರಿಯ ಮಸ್ಟರ್ ಕೂಗುವ ದನಿಯಲ್ಲಿ "ರೇವತಿ!" ಎಂದ. ಒಳಗಿನಿಂದ ರೇವತಿ ಬಂದಳು. ಟೀವಿಯಲ್ಲಿ ಯಾರೂ ಬರಲಿಲ್ಲ.

ಹುಡುಕಿ ನೋಡಿದ. ಮುಖ ಗುರುತಿಸುವ ತಂತ್ರಾಂಶ ಇರುವುದು ದೇವರಾಜನ ಮಾಡೆಲ್ಲಿಗೆ ಮಾತ್ರ. ಇವನ ಮಾಡೆಲ್ಲಿಗೆ ಅದರ ಬೆಂಬಲ ಇಲ್ಲವಂತೆ.

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಇಂಟರ್‌ನೆಟ್ಟಿನಲ್ಲಿ ಒಬ್ಬ ಟೋಪಿ ಹಾಕಿದ ಯುವಕ ಇದ್ದಾನೆ. ಬೆಂಬಲ ಇಲ್ಲದ ತಂತ್ರಾಂಶವನ್ನು ಯಾವ ಪೆಟ್ಟಿಗೆಗೆ ಬೇಕಾದರೂ ಹಾಕುವುದು ಹೇಗೆಂದು ನಗುನಗುತ್ತಾ ಹೇಳಿಕೊಡುತ್ತಾನೆ. ಮರುದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ದಯಾನಂದ ಆ ಯುವಕ ಹೇಳಿದಂತೆ ಒಂದೊಂದೇ ಗುಂಡಿ ಒತ್ತುತ್ತ ಹೋದ. ಕೊನೆಯಲ್ಲಿ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಬಂತು. ಈ ತಂತ್ರಾಂಶ ನಮ್ಮದಲ್ಲ, ಹಾಕಿದರೆ ನಿಮ್ಮ ಪೆಟ್ಟಿಗೆಯಲ್ಲಿ ಇರುವುದೆಲ್ಲ ಹೋದರೂ ಹೋಗಬಹುದು, ನಾವು ಜವಾಬ್ದಾರರಲ್ಲ, ಮುಂದುವರಿಯಬೇಕೆ?

ರೇವತಿ ಸೌಟು ಹಿಡಿದುಕೊಂಡೇ ಬಂದು ಓದಿದಳು. "ಬೇಡ ಅಂತ ಅದೇ ಹೇಳ್ತಾ ಇದೆಯಲ್ರೀ."

"ಕಂಪನಿಯವರು ಹಾಗೆ ಹೇಳಲೇಬೇಕು ಮಾರಾಯ್ತಿ. ನಮ್ಮ ಎಸ್ಟೇಟ್ ಗೇಟಿನಲ್ಲಿ 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ' ಅಂತ ಬೋರ್ಡ್ ಇಲ್ವಾ? ಊರಿನ ದನಗಳೆಲ್ಲ ಅದರ ಕೆಳಗೇ ಬರ್ತವೆ."

"ಅಮ್ಮನ ಸೋಬಾನೆ ಹಾಡಿನ ವಿಡಿಯೋ ಅದ್ರಲ್ಲೇ ಇದೆ. ಅದು ಹೋದ್ರೆ ನಾನು ಸುಮ್ಮನಿರೋದಿಲ್ಲ."

ದಯಾನಂದ 'ಹೌದು' ಒತ್ತಿದ.

ಪೆಟ್ಟಿಗೆ ಒಂದು ಕ್ಷಣ ಉಸಿರು ಹಿಡಿದಂತೆ ಸುಮ್ಮನಿತ್ತು. ಆಮೇಲೆ ಒಳಗಿನ ಫ್ಯಾನು ಗುರುಗುಟ್ಟಿತು. ಗುರುಗುಟ್ಟುವುದು ಏರುತ್ತ ಏರುತ್ತ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಕಲ್ಲು ಸಿಕ್ಕಿದ ಹಾಗೆ ಆಯಿತು. ಹಸಿರು ದೀಪ ಕಿತ್ತಳೆಯಾಯಿತು. ಪೆಟ್ಟಿಗೆ ಮುಟ್ಟಲಾರದಷ್ಟು ಬಿಸಿಯಾಯಿತು. ಟೀವಿಯ ಮೇಲೆ 'ಮುಖಗಳನ್ನು ಹುಡುಕಲಾಗುತ್ತಿದೆ' ಎಂಬ ಸಾಲು ಬಂದು ನಿಂತೇಬಿಟ್ಟಿತು. ರೇವತಿಯ ಮುಖ ಹೇಗಿದೆಯೆಂದು ಹುಡುಕಿ ನೋಡುವ ಧೈರ್ಯ ಮಾತ್ರ ದಯಾನಂದನಿಗೆ ಬರಲಿಲ್ಲ. "ಸ್ವಲ್ಪ ಕಾಫಿ ಕುಡ್ಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ.

ಊರಿನ ಸರ್ಕಲ್ಲಿನಲ್ಲಿ ಹಾಲೇಶನ ಹೋಟೆಲು. ಎದುರಿಗೇ ಶಿವಯ್ಯನ ನ್ಯಾಯಬೆಲೆ ಅಂಗಡಿ. ಅವತ್ತು ಅಕ್ಕಿ ಕೊಡುವ ದಿನ. ಸಾಲು ಅರಳಿಕಟ್ಟೆಯವರೆಗೂ ಇತ್ತು, ಆದರೆ ಮುಂದಕ್ಕೆ ಸರಿಯುತ್ತಿರಲಿಲ್ಲ. ಶಿವಯ್ಯ ಸರ್ವರ್ ಇಲ್ಲವೆಂದು ಅಂಗಡಿಯ ಬಾಗಿಲು ಅರ್ಧ ಎಳೆದು, ಬೀಸಣಿಗೆ ಹಿಡಿದು ಕೂತಿದ್ದ. ಹೆಬ್ಬೆಟ್ಟು ಒತ್ತುವ ಮೆಷಿನ್ ಅವನ ಮುಂದೆ ಕಣ್ಣು ಮುಚ್ಚಿತ್ತು.

"ಎಂತ ರೈಟ್ರೇ, ಮುಖ ಬಾಡಿದೆ?" ಎಂದ ಹಾಲೇಶ.

"ಎಂತ ಹೇಳೋದು ಮಾರಾಯ. ಮನೇಲಿ ಸರ್ವರ್ ಕೂತುಬಿಡ್ತು. ಸುಮ್ಮನಿರಲಾರದೆ ನಾನೇ ಏನೋ ಹಾಕೋಕೆ ಹೋದೆ, ಹಾಗೇ ಮಲಗಿಬಿಡ್ತು."

ಹಾಲೇಶ ಕಾಫಿ ಎತ್ತಿ ಸುರಿಯುತ್ತಿದ್ದವನು ಎತ್ತಿದ ಕೈ ಎತ್ತಿದ ಹಾಗೆಯೇ ನಿಂತ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸರ್ವರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಅದರ ಸ್ವಭಾವ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬೇಗ ಏಳುವುದಿಲ್ಲ. ಗುಡುಗಿದರೆ ಹೆದರುತ್ತದೆ. ನಾವು ದುಡಿಮೆ ಬಿಟ್ಟು ಹೋದ ದಿನ ಇರುವುದಿಲ್ಲ, ನಾವು ಹೊರಟು ಬಂದ ಮೇಲೆ ಬರುತ್ತದೆ. ಪಹಣಿ, ಪಿಂಚಣಿ, ಅಕ್ಕಿ, ಜಾತಿ ಪತ್ರ ಎಲ್ಲವೂ ಅದರ ಕೈಯಲ್ಲಿದೆ. ಅದು ಎಲ್ಲಿದೆ ಎಂದು ಕೇಳಿದರೆ ಕಚೇರಿಯವರು ಆಕಾಶದ ಕಡೆ ಕೈ ತೋರಿಸುತ್ತಾರೆ. ಇಂಥ ಸರ್ವರು ಈಗ ರೈಟರ್ ದಯಾನಂದನ ಮನೆಯಲ್ಲಿ, ಟೀವಿಯ ಪಕ್ಕ, ಮಲಗಿಕೊಂಡಿದೆ ಎಂದರೆ?

ಹಾಲೇಶ ಲೋಟವನ್ನು ದಯಾನಂದನ ಮುಂದಿಟ್ಟು, ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಂಡು, ರಸ್ತೆ ದಾಟಿದ. ದಯಾನಂದ ಕಾಫಿ ಮುಗಿಸಿ ಮನೆ ತಲುಪುವ ಹೊತ್ತಿಗೆ ಅಕ್ಕಿಯ ಸಾಲು ಅವನ ಮನೆಯ ಅಂಗಳಕ್ಕೆ ವರ್ಗವಾಗಿತ್ತು. ಚೀಲ, ಕಾರ್ಡು ಹಿಡಿದುಕೊಂಡು, ಅಂಗಡಿಯ ಮುಂದೆ ನಿಂತಿದ್ದ ಅದೇ ಕ್ರಮದಲ್ಲಿ ನಿಂತಿದ್ದರು.

"ಅಲ್ಲ ರೈಟ್ರೇ, ಇಟ್ಕೊಂಡದ್ದು ಇಟ್ಕೊಂಡ್ರಿ. ಅಕ್ಕಿ ಕೊಡೋ ದಿನವೇ ಅದಕ್ಕೆ ಕೈ ಹಾಕಬೇಕಿತ್ತಾ?" ಎಂದ ಸಾಲಿನ ಮುಂದಿದ್ದವನು.

"ಅಯ್ಯೋ, ಇದು ಆ ಸರ್ವರ್ ಅಲ್ಲ ಮಾರಾಯ್ರೇ. ಇದು ಫೋಟೋ ಸರ್ವರ್."

"ಫೋಟೋನೂ ಅದ್ರಲ್ಲೇ ಬರ್ತದೆ. ಕಾರ್ಡಲ್ಲಿ ಫೋಟೋ ಇಲ್ವಾ?"

"ಇದು ನಮ್ಮನೇದು! ನಾನು ದುಡ್ಡು ಕೊಟ್ಟು ತಂದದ್ದು!"

"ನೋಡಿದ್ರಾ, ಸರ್ಕಾರ ಅದನ್ನೂ ಮಾರಿಬಿಟ್ಟಿದೆ" ಎಂದಿತು ಹಿಂದಿನಿಂದ ಒಂದು ದನಿ.

ಕಣ್ಣಿಂದ ನೋಡಿದರಾದರೂ ನಂಬುತ್ತಾರೆಂದು ದಯಾನಂದ ಅವರನ್ನು ಒಳಗೆ ಕರೆದ. ಎಲ್ಲರೂ ಚಪ್ಪಲಿ ಬಿಟ್ಟು, ದೇವರ ಕೋಣೆಗೆ ಬರುವವರಂತೆ ಒಬ್ಬೊಬ್ಬರೇ ಬಂದರು. ಪೆಟ್ಟಿಗೆ ಇನ್ನೂ ಗುರುಗುಟ್ಟುತ್ತಿತ್ತು. ಇಷ್ಟು ವರ್ಷ ತಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಇಷ್ಟು ಚಿಕ್ಕದಾ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕಲ್ಲುಗುಡ್ಡದಲ್ಲಿ ಸಣ್ಣ ವಯಸ್ಸಿನಿಂದ ಕಾಫಿ ಕೊಯ್ದು, ಈಗ ಮಂಡಿನೋವಿನಿಂದ ಮನೆಯಲ್ಲಿರುವ ಯಲ್ಲಮ್ಮ ಮುಂದೆ ಬಂದು ಪೆಟ್ಟಿಗೆಯ ನೆತ್ತಿ ಮುಟ್ಟಿ, "ಪಾಪ, ಮೈ ಸುಡ್ತಾ ಇದೆ" ಎಂದಳು.

"ನೋಡಿ, ಆರಿಸಿ ತೋರಿಸ್ತೀನಿ. ಇದಕ್ಕೂ ಅಂಗಡಿಗೂ ಸಂಬಂಧವೇ ಇಲ್ಲ" ಎಂದು ದಯಾನಂದ ಪ್ಲಗ್ಗು ಕಿತ್ತ. ಗುರುಗುಟ್ಟುವುದು ನಿಂತಿತು. ಎಲ್ಲರೂ ನೋಡಿದರು. ಮತ್ತೆ ಚುಚ್ಚಿದ. ಹಸಿರು ದೀಪ ಹತ್ತಿತು.

ಆಗಲೇ ಸಾಲಿನಲ್ಲಿದ್ದ ಒಬ್ಬನ ಮೊಬೈಲು ಹೊಡೆದುಕೊಂಡಿತು. ಶಿವಯ್ಯನ ದನಿ ಕೋಣೆಯ ತುಂಬ ಕೇಳಿಸಿತು. "ಎಲ್ಲಿ ಹೋದ್ರಿ ಎಲ್ಲರೂ? ಬನ್ನಿ ಬನ್ನಿ, ಸರ್ವರ್ ಬಂತು!"

ಮನೆ ಖಾಲಿಯಾಯಿತು. ಹೋಗುವ ಅವಸರದಲ್ಲೂ ಯಾರೋ ಅಂಗಳದ ಗಿಡದಿಂದ ಒಂದು ದಾಸವಾಳ ಕಿತ್ತು ಪೆಟ್ಟಿಗೆಯ ಮೇಲಿಟ್ಟು ಹೋಗಿದ್ದರು.

ರೇವತಿ ಹೂವನ್ನು ನೋಡಿದಳು, ಗಂಡನನ್ನು ನೋಡಿದಳು. "ಈಗ ಹೇಳಿ, ಇದಕ್ಕೂ ಅಂಗಡಿಗೂ ಸಂಬಂಧ ಇಲ್ಲ ಅಂತ" ಎಂದಳು.

ಸಂಜೆ ಯಲ್ಲಮ್ಮ ಒಬ್ಬಳೇ ಖಾಲಿ ಚೀಲ ಹಿಡಿದು ವಾಪಸು ಬಂದಳು. "ಎಲ್ಲರಿಗೂ ಬಂತು ರೈಟ್ರೇ, ನಂಗೆ ಮಾತ್ರ ಬರ್ಲಿಲ್ಲ. ಹೆಬ್ಬೆಟ್ಟು ಒತ್ತಿದ್ರೆ ಇವಳು ಯಾರೂ ಅಲ್ಲ ಅಂತದಂತೆ. ಈ ತಿಂಗಳೊಳಗೆ ಹೆಬ್ಬೆಟ್ಟು ಸರಿಯಾಗ್ದಿದ್ರೆ ಕಾರ್ಡಿಂದ ಹೆಸರೇ ತೆಗೀತಾರಂತೆ. ನಿಮ್ಮ ಸರ್ವರಿಗೆ ನನ್ನ ಮೇಲೆ ಎಂತ ಸಿಟ್ಟು?"

ದಯಾನಂದ ಅವಳ ಹೆಬ್ಬೆಟ್ಟು ನೋಡಿದ. ಕಾಫಿ ರೆಂಬೆಯಿಂದ ಹಣ್ಣು ಉದುರಿಸಿ ಉದುರಿಸಿ, ನುಣ್ಣಗೆ ತಿಕ್ಕಿದ ಹೊಳೆಗಲ್ಲಿನ ಹಾಗಿತ್ತು. ಗೆರೆ ಎಂಬುದೇ ಇರಲಿಲ್ಲ. ಕಾರಣ ಸರ್ವರಲ್ಲ, ಬೆರಳು ಎಂದು ವಿವರಿಸಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ನಾಳೆ ಬರ್ತೀನಿ. ನಾಳೆ ಅದರ ಮನಸ್ಸು ಹೇಗಿರ್ತದೋ" ಎಂದು ಹೊರಟಳು.

ಮಾರನೆ ದಿನದಿಂದ ದಯಾನಂದನ ಮನೆಯ ಜಗಲಿ ಜಗಲಿಯಾಗಿ ಉಳಿಯಲಿಲ್ಲ. ಪಹಣಿ ಸಿಗದವರು ಬಂದರು. ಪಿಂಚಣಿ ನಿಂತವರು ಬಂದರು. ಬ್ಯಾಂಕಿನಲ್ಲಿ ಸರ್ವರ್ ಇಲ್ಲ ಎನ್ನಿಸಿಕೊಂಡವರು ಬಣಕಲ್ಲಿನಿಂದ ಆಟೋ ಮಾಡಿಕೊಂಡು ಬಂದರು. ಬಂದವರು ಜಗಳವಾಡುತ್ತಿರಲಿಲ್ಲ. ಬಹಳ ವಿನಯದಿಂದ, "ಒಂದು ಸಲ ಆರಿಸಿ ಹಾಕಿ ಸಾರ್" ಎನ್ನುತ್ತಿದ್ದರು. ಬೇಡವೆಂದರೆ ಹೋಗುತ್ತಿರಲಿಲ್ಲವಾದ್ದರಿಂದ ದಯಾನಂದ ಆರಿಸಿ ಹಾಕುತ್ತಿದ್ದ. ಹತ್ತು ಜನರಲ್ಲಿ ಒಬ್ಬಿಬ್ಬರ ಕೆಲಸ ಹೇಗೂ ಆಗಿಯೇ ಆಗುತ್ತದೆ. ಅವರು ಊರೆಲ್ಲ ಹೇಳುತ್ತಿದ್ದರು. ಆಗದವರು ತಮ್ಮ ಹಣೆಬರಹ ಎನ್ನುತ್ತಿದ್ದರು. ರೇವತಿ ಎಲ್ಲರಿಗೂ ಕಾಫಿ ಕೊಟ್ಟೂ ಕೊಟ್ಟೂ, ಡಿಕಾಕ್ಷನ್ ಇಳಿಯುವುದಕ್ಕೂ ಸರ್ವರ್ ಬೇಕೇನೋ ಎಂಬಂತೆ ಫಿಲ್ಟರನ್ನು ದಿಟ್ಟಿಸುತ್ತಿದ್ದಳು.

ತಂತ್ರಾಂಶವನ್ನೇ ತೆಗೆದುಬಿಡೋಣವೆಂದು ದಯಾನಂದ ಕಂಪನಿಗೆ ಫೋನು ಮಾಡಿದ.

"ನೀವು ಹಾಕಿರೋದು ನಮ್ಮ ಬೆಂಬಲ ಇಲ್ಲದ ತಂತ್ರಾಂಶ ಸರ್" ಎಂದಳು ಆ ಕಡೆಯ ಹುಡುಗಿ, ಜೇನು ಹಚ್ಚಿದ ದನಿಯಲ್ಲಿ.

"ಗೊತ್ತಮ್ಮ. ಅದಕ್ಕೇ ತೆಗೀಬೇಕು ಅಂತಿದೀನಿ."

"ತೆಗೆಯೋದಕ್ಕೂ ನಮ್ಮ ಬೆಂಬಲ ಇಲ್ಲ ಸರ್."

"ಹಾಗಾದ್ರೆ ನಾನು ಎಂತ ಮಾಡ್ಬೇಕು?"

"ಆರಿಸಿ ಹಾಕಿ ನೋಡಿ ಸರ್."

ದಯಾನಂದ ಫೋನಿಟ್ಟ. ಜಗಲಿಯಲ್ಲಿ ಕೂತಿದ್ದವರೆಲ್ಲ ತಲೆಯಾಡಿಸಿದರು. ಕಂಪನಿಯವರಿಗೂ ತಮಗೂ ಒಂದೇ ಉಪಾಯ ಹೊಳೆದದ್ದಕ್ಕೆ ಅವರಿಗೆ ಬಹಳ ಹೆಮ್ಮೆಯಾಯಿತು.

ವಾರ ಕಳೆಯುವಷ್ಟರಲ್ಲಿ ಗ್ರಾಮ ಆಡಳಿತಾಧಿಕಾರಿ ಅಭಿಷೇಕ್ ಬೈಕಿನಲ್ಲಿ ಬಂದ. ಕೆಲಸಕ್ಕೆ ಸೇರಿ ಬಹಳ ಕಾಲವಾಗಿರದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಯುವಕ. ಖಾಸಗಿ ಮನೆಯೊಂದರಲ್ಲಿ ಸರ್ಕಾರಿ ಸರ್ವರ್ ಇದೆಯೆಂದು ದೂರು ಬಂದಿದೆ, ಪರಿಶೀಲಿಸಬೇಕು ಎಂದ. ದಯಾನಂದನಿಗೆ ಹೋದ ಜೀವ ಬಂದಂತಾಯಿತು. ಕೊನೆಗೂ ತಿಳಿದವನೊಬ್ಬ ಬಂದ! ಒಳಗೆ ಕರೆದು ತೋರಿಸಿದ. ಅಭಿಷೇಕ್ ಒಂದೇ ನೋಟಕ್ಕೆ ಅರ್ಥ ಮಾಡಿಕೊಂಡ.

"ಇದು ಮನೆಯ ಫೋಟೋ ಇಡೋದು ಅಲ್ವಾ ಸಾರ್?"

"ನೂರು ವರ್ಷ ಬದುಕಪ್ಪ! ಅದನ್ನೇ ಹೊರಗೆ ಹೋಗಿ ಆ ಜನಕ್ಕೆ ಹೇಳು."

ಅಭಿಷೇಕ್ ರೇವತಿ ಕೊಟ್ಟ ಕಾಫಿಯನ್ನು ನಿಧಾನವಾಗಿ ಗುಟುಕರಿಸುತ್ತ ಕಿಟಕಿಯಿಂದ ಜಗಲಿಯ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಸಾರ್, ಇವರೆಲ್ಲ ದಿನಾ ನನ್ನ ಟೇಬಲ್ ಮುಂದೆ ನಿಂತಿರ್ತಿದ್ರು. ಈ ವಾರ ಒಬ್ರೂ ಬಂದಿಲ್ಲ. ಬಾಕಿ ಕೆಲಸ ಅರ್ಧ ಮುಗ್ದಿದೆ. ನಿನ್ನೆ ಮಧ್ಯಾಹ್ನ ನಾನು ಊಟ ಮಾಡಿದೆ ಸಾರ್. ಕೂತ್ಕೊಂಡು."

"ಅದಕ್ಕೆ?"

ಅಭಿಷೇಕ್ ಲೋಟವಿಟ್ಟು ಹೊರಗೆ ಹೋದ. ಜಗಲಿಯ ಮೇಲೆ ನಿಂತು, ಜನರನ್ನು ಉದ್ದೇಶಿಸಿ, "ನೋಡಿ, ಈ ವಿಷಯ ಪರಿಶೀಲನೆಯಲ್ಲಿದೆ. ಮೇಲಿನವರಿಂದ ಆದೇಶ ಬರೋವರೆಗೆ ಇದು ಸರ್ಕಾರದ್ದು ಅಂತಾನೂ ಹೇಳೋ ಹಾಗಿಲ್ಲ, ಅಲ್ಲ ಅಂತಾನೂ ಹೇಳೋ ಹಾಗಿಲ್ಲ" ಎಂದು ಬೈಕು ಹತ್ತಿ ಹೋದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಕಾರದ್ದಲ್ಲದ ವಸ್ತುವಿನ ಬಗ್ಗೆ ಯಾವ ಅಧಿಕಾರಿಯೂ ಇಷ್ಟು ಎಚ್ಚರಿಕೆಯಿಂದ ಮಾತಾಡುವುದಿಲ್ಲ. ಅದು ಸರ್ಕಾರದ್ದೇ ಎಂದು ಅವತ್ತು ನಿಶ್ಚಯವಾಯಿತು.

ಸುದ್ದಿ ಮೂಡಿಗೆರೆ ದಾಟಿ ಆಲ್ದೂರಿಗೂ ಹೋಯಿತು. ಮುಂದಿನ ಭಾನುವಾರ ಷಡ್ಡಕ ದೇವರಾಜ ಕಾರಿನಿಂದ ಇಳಿದ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಹಿಂದೆ ಪವಿತ್ರಾ. ಇಷ್ಟು ವರ್ಷದಲ್ಲಿ ದೇವರಾಜ ಈ ಮನೆಗೆ ಕರೆಯದೆ ಬಂದದ್ದು ಅದೇ ಮೊದಲು. ಜಗಲಿಯಲ್ಲಿದ್ದ ಜನರನ್ನು ನೋಡಿದ, ದಾಸವಾಳ ಹೊತ್ತ ಪೆಟ್ಟಿಗೆಯನ್ನು ನೋಡಿದ, ಕುರ್ಚಿಯ ತುದಿಯಲ್ಲಿ ಕೂತ.

"ಭಾವ, ಒಂದು ಮಾತು ನಮಗೂ ಹೇಳಬಾರದಿತ್ತಾ? ಸರ್ಕಾರ ಮನೆಮನೆಗೆ ಸರ್ವರ್ ಕೊಡ್ತಾ ಇದೆ ಅಂತ ಗೊತ್ತಿದ್ರೆ ನಾನೂ ಅರ್ಜಿ ಹಾಕ್ತಿದ್ದೆ. ನಮ್ಮನೇಲಿ ಜಾಗ ಬೇಕಾದಷ್ಟಿದೆ. ಇನ್‌ವರ್ಟರ್ ಬೇರೆ ಇದೆ."

ದಯಾನಂದನಿಗೆ ಆ ಕ್ಷಣ ಎಷ್ಟು ಹಿತವಾಗಿತ್ತೆಂದರೆ, ನಿಜ ಹೇಳುವ ಮೊದಲು ಮೈಸೂರು ಪಾಕಿನ ಒಂದು ತುಂಡನ್ನು ಬಾಯಿಗಿಟ್ಟುಕೊಂಡು, ಅದು ಪೂರ್ತಿ ಕರಗುವವರೆಗೆ ಕಾದ. ಆಮೇಲೂ ಇನ್ನೊಂದು ತುಂಡಿನ ಕಡೆ ಕೈ ಚಾಚಿದ. ರೇವತಿ ಡಬ್ಬಿಯ ಮುಚ್ಚಳ ಹಾಕಿ, "ಹೇಳ್ರೀ" ಎಂದಳು.

ಹೇಳಿದ. ದೇವರಾಜ ನಂಬಲಿಲ್ಲ. "ಸರಿ, ಹಾಗಾದ್ರೆ ತೋರಿಸ್ತೀನಿ ಬಾ. ಇದ್ರಲ್ಲಿ ಬರೀ ಫೋಟೋ" ಎಂದು ದಯಾನಂದ ಟೀವಿ ಹಚ್ಚಿದ. ಹಿಂದಿನ ದಿನವಷ್ಟೇ ಪೆಟ್ಟಿಗೆಯ ಗುರುಗುಟ್ಟುವಿಕೆ ತಾನಾಗಿ ತಣ್ಣಗಾಗಿತ್ತು. ಹಾಕಿದ ತಂತ್ರಾಂಶ ಯಾರ ಬೆಂಬಲವೂ ಇಲ್ಲದೆ, ಆರಿಸಿ ಹಾಕಿದಾಗಲೆಲ್ಲ ಮೊದಲಿನಿಂದ ಶುರು ಮಾಡಿ, ಅಂತೂ ಮುಖಗಳನ್ನೆಲ್ಲ ಹುಡುಕಿ ಮುಗಿಸಿತ್ತು. ಪ್ರತಿ ಗುಂಪಿನ ಮೊದಲ ಮುಖ ನೋಡಿ ದಯಾನಂದ ಹೆಸರು ಬರೆದಿದ್ದ. ರೇವತಿಯ ಅಮ್ಮ ಸೋಬಾನೆ ಹೇಳುವ ವಿಡಿಯೋ ಕೂಡ ಇದ್ದಲ್ಲೇ ಇತ್ತು. ಅದನ್ನು ನೋಡಿದ ಮೇಲೇ ರೇವತಿ ಗಂಡನಿಗೆ ಮೀನು ಸಾರು ಮಾಡಿದ್ದು.

ದಯಾನಂದ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು "ದೇವರಾಜ" ಎಂದ.

ಟೀವಿಯ ತುಂಬ ದೇವರಾಜ ಬಂದ. ತೋಟದಲ್ಲಿ ದೇವರಾಜ, ಕಾರಿನ ಪಕ್ಕ ದೇವರಾಜ, ಕೂಲಿಂಗ್ ಗ್ಲಾಸಿನ ದೇವರಾಜ. ಅವರ ನಡುವೆ, ಅದೇ ಗಾತ್ರದಲ್ಲಿ, ಒಂದು ಹಲಸಿನ ಹಣ್ಣು. ಕಲ್ಲುಗುಡ್ಡ ಎಸ್ಟೇಟಿನಲ್ಲಿ ಬೆಳೆದದ್ದು, ಬಹಳ ದೊಡ್ಡದಾಗಿದೆಯೆಂದು ದಯಾನಂದ ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟದ್ದು. ನಾಲ್ಕೂ ದೇವರಾಜನ ಗುಂಪಿನಲ್ಲೇ ಇದ್ದವು. ಕೆಳಗೆ ಸ್ಪಷ್ಟವಾಗಿ ಬರೆದಿತ್ತು: ದೇವರಾಜ.

ಪವಿತ್ರಾ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಅವಳ ಹಿಂದೆ ರೇವತಿ ಓಡಿದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಆದರೆ ದೇವರಾಜ ನಗಲಿಲ್ಲ. ಅವನ ಮುಖದಲ್ಲಿ ಬೆವರು. "ಭಾವ, ಇದು ಸರ್ಕಾರದ ಲೆಕ್ಕಕ್ಕೂ ಹೋಗಿದೆಯಾ?"

"ಎಂತದು?"

"ಇದೇ. ನಾನು ಹಲಸು ಅಂತ. ತೋಟದ ಖಾತೆ ಬದಲಾವಣೆಗೆ ಹಾಕಿದೀನಿ ಮಾರಾಯ್ರೇ, ಮುಂದಿನ ತಿಂಗಳು ಆಗ್ಬೇಕು. ಪಹಣೀಲಿ ಮಾಲೀಕರ ಕಾಲಮ್ಮಲ್ಲಿ ಹಲಸು ಅಂತ ಬಂದ್ರೆ?"

"ಹಾಗೆಲ್ಲ ಬರೋದಿಲ್ಲ."

"ಬರ್ತದೆ! ನಮ್ಮ ದೊಡ್ಡಪ್ಪನನ್ನ ಒಂದು ಸಲ ಹೆಂಗಸು ಮಾಡಿದ್ರು. ಅವರು ಸಾಯೋವರೆಗೂ ಸರಿಯಾಗ್ಲಿಲ್ಲ. ಭಾವ, ನಿಮ್ಮ ಕೈ ಹಿಡ್ಕೋತೀನಿ, ನನ್ನನ್ನ ಅದ್ರಿಂದ ಬಿಡಿಸಿ."

ದಯಾನಂದ ಒಂದು ಗುಂಡಿ ಒತ್ತಿ ಹಲಸಿನ ಹಣ್ಣನ್ನು ದೇವರಾಜನಿಂದ ಬೇರ್ಪಡಿಸಿದ. ದೇವರಾಜ ಪರದೆಯ ಹತ್ತಿರ ಹೋಗಿ, ಒಂದೊಂದೇ ಫೋಟೋ ನೋಡಿ ಖಾತ್ರಿ ಮಾಡಿಕೊಂಡು, ಉಸಿರು ಬಿಟ್ಟ. ಹೊರಡುವಾಗ ಭಾವನ ಕಾಲು ಮುಟ್ಟಿದ. ಅದೂ ಅದೇ ಮೊದಲು.

ಇಷ್ಟೆಲ್ಲ ಆಗುವಾಗಲೂ ಯಲ್ಲಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ದಿನಾ ಬರುತ್ತಿದ್ದಳು. ಬಂದು, ಒಳಗೆ ಇಣುಕಿ, ಹಸಿರು ದೀಪ ನೋಡಿ, ಕೂರುತ್ತಿದ್ದಳು. ದಯಾನಂದ ಪೆಟ್ಟಿಗೆ ಆರಿಸಿ ಹಾಕಿದಾಗಲೆಲ್ಲ ತನ್ನ ಹೆಬ್ಬೆಟ್ಟನ್ನು ಸೀರೆಗೆ ಒರೆಸಿಕೊಂಡು ಶಿವಯ್ಯನ ಅಂಗಡಿಗೆ ಹೋಗಿ, ಖಾಲಿ ಚೀಲದೊಂದಿಗೆ ವಾಪಸು ಬರುತ್ತಿದ್ದಳು. ಪಕ್ಕದ ಮನೆಯವರು ಕೊಟ್ಟ ಅಕ್ಕಿಯೂ ಮುಗಿಯುತ್ತ ಬಂದಿತ್ತು. ರೇವತಿ ಚೀಲಕ್ಕೆ ಅಕ್ಕಿ ಹಾಕಲು ಹೋದರೆ ಬೇಡವೆನ್ನುತ್ತಿದ್ದಳು. "ನಂದು ಇದೆಯಲ್ಲಮ್ಮ. ಬರ್ತದೆ."

ತಿಂಗಳು ಮುಗಿಯುತ್ತ ಬಂತು. ದೇವರಾಜನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ರೇವತಿ ಹೇಳಿದಳು. "ನೀವು ಅಲ್ಲ ಅಂತ ಎಷ್ಟು ಹೇಳಿದ್ರೂ ಅವಳು ಬೇರೆ ಕಡೆ ಹೋಗೋದಿಲ್ಲ. ಹೆಸರು ತೆಗೆದುಹಾಕಿದ ದಿನವೂ ಇಲ್ಲೇ ಕೂತಿರ್ತಾಳೆ. ನಾಳೆ ಮೂಡಿಗೆರೆಗೆ ನೀವೇ ಕರ್ಕೊಂಡು ಹೋಗಿ."

ದಯಾನಂದ ಎಸ್ಟೇಟಿಗೆ ರಜೆ ಹೇಳಿದ. ಬೆಳಿಗ್ಗೆ ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಶರ್ಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ ಹೊರಟ. ಬಸ್ಸಿನ ಎರಡೂ ಬದಿಯ ತೋಟಗಳಲ್ಲಿ ಹೂಮಳೆ ಬಿದ್ದು ಕಾಫಿ ಅರಳಿತ್ತು. ಕಿಟಕಿಯಿಂದ ಮಲ್ಲಿಗೆಯಂಥ ವಾಸನೆ ನುಗ್ಗುತ್ತಿತ್ತು. ಯಲ್ಲಮ್ಮ ಕಿಟಕಿಯ ಬದಿ ಕೂತು, ಯಾವ ತೋಟದಲ್ಲಿ ಹೂ ಚೆನ್ನಾಗಿ ನಿಂತಿದೆ, ಯಾವುದರಲ್ಲಿ ಮಳೆ ಸಾಲದು ಎಂದು ಹೇಳುತ್ತ ಬಂದಳು.

ಅವರು ಹೋದದ್ದು ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿ ಕೆಲಸ ಮಾಡುವವರೂ ನಮ್ಮವರೇ. ಕೌಂಟರಿನಲ್ಲಿ ದಿಲೀಪ್ ಎಂಬ ಗುಮಾಸ್ತ ಮೊಬೈಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮುಂದೆ ಬೆಂಚಿನ ಮೇಲೆ ಜನ ತೂಕಡಿಸುತ್ತಿದ್ದರು.

"ಸಾರ್, ಇವರದ್ದು ಹೆಬ್ಬೆಟ್ಟು ಬರ್ತಾ ಇಲ್ಲ..." ಎಂದು ದಯಾನಂದ ಶುರುಮಾಡಿದ.

"ಸರ್ವರ್ ಇಲ್ಲ. ನಾಳೆ ಬನ್ನಿ" ಎಂದ ದಿಲೀಪ್. ತಲೆ ಎತ್ತಲಿಲ್ಲ.

ದಯಾನಂದ ಅಭ್ಯಾಸದಂತೆ ಹಿಂದೆ ತಿರುಗಿದ. ಯಲ್ಲಮ್ಮ ತಿರುಗಲಿಲ್ಲ. ಕೌಂಟರಿನ ಕಟ್ಟೆಗೆ ಎರಡೂ ಕೈಯೂರಿ ನಿಂತಳು.

"ಎಂತಕ್ಕೆ ಸ್ವಾಮಿ ಸುಳ್ಳು ಹೇಳ್ತೀರಿ?"

ದಿಲೀಪ್ ತಲೆ ಎತ್ತಿದ.

"ಸರ್ವರ್ ಇವರ ಮನೇಲೇ ಇರೋದು. ಬಸ್ಸಿಗೆ ಹೊರಡುವಾಗ ನಾನೇ ಇಣುಕಿ ನೋಡ್ಕೊಂಡು ಬಂದಿದೀನಿ. ಹಸಿರು ದೀಪ ಉರೀತಾ ಇತ್ತು. ಚೆನ್ನಾಗೇ ಇದೆ. ನಿಮಗೆ ಮಾತ್ರ ಇಲ್ಲ ಅಂದ್ರೆ ಹೇಗೆ?"

ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. ದಯಾನಂದನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಮಾತು ಹೊರಡದೆ ಸುಮ್ಮನೆ ನಿಂತ. ದಿಲೀಪ್ ಅವನ ಬಿಳಿ ಶರ್ಟು ನೋಡಿದ, ಜೇಬಿನ ಪೆನ್ನು ನೋಡಿದ, ಆ ಮೌನವನ್ನು ನೋಡಿದ. ಅಷ್ಟು ಹೊತ್ತು ಏನೂ ಹೇಳದೆ ನಿಲ್ಲುವುದು ಬಹಳ ಮೇಲಿನವರಿಗೆ ಮಾತ್ರ ಸಾಧ್ಯ.

"ತಾವು... ನೆಲ್ಲಿಬೈಲಿನವರಾ ಸಾರ್?" ದಿಲೀಪ್ ಎದ್ದು ನಿಂತ.

"ಹೌದು, ಆದ್ರೆ..."

"ಕೂತ್ಕೊಳ್ಳಿ ಸಾರ್. ಅಜ್ಜಿ, ನೀವೂ ಕೂತ್ಕೊಳ್ಳಿ. ಒಂದ್ನಿಮಿಷ, ಈಗ ಬಂದಿರಬೇಕು, ನೋಡ್ತೀನಿ."

ಕೀಲಿಮಣೆ ಟಕಟಕ ಎಂದಿತು. ಸರ್ವರ್ ಬಂದಿತ್ತು. ಯಾವಾಗ ಬಂದಿತ್ತೋ, ಹೋಗಿತ್ತೋ ಇಲ್ಲವೋ, ಅದನ್ನು ಯಾರೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿದರೆ ಎಂದಿನಂತೆ ಕೆಂಪು ಗೆರೆ. ದಿಲೀಪ್ ಹಣೆ ಒರೆಸಿಕೊಂಡ. "ಕಣ್ಣಿನ ಮೆಷಿನ್ ತಗೊಂಡು ಬನ್ನಿ" ಎಂದು ಒಳಗೆ ಕೂಗಿದ. ಬೀರುವಿನ ಬೀಗದ ಕೈ ಸಿಗಲಿಲ್ಲ. ಇಬ್ಬರು ಹುಡುಕಿದರು. ಅದು ಗಣಪತಿ ಫೋಟೋದ ಹಿಂದೆ ಸಿಕ್ಕಿತು. ಮೆಷಿನ್ನಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಅದನ್ನು ಹರಿದು, ಯಲ್ಲಮ್ಮನ ಕಣ್ಣಿನ ಮುಂದೆ ಹಿಡಿದರು.

"ರೆಪ್ಪೆ ಬಡೀಬೇಡಿ ಅಜ್ಜಿ."

ಯಲ್ಲಮ್ಮ ಮೆಷಿನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಇಷ್ಟು ದಿನದ ಸಿಟ್ಟೆಲ್ಲ ಆ ನೋಟದಲ್ಲಿತ್ತು. ಮೆಷಿನ್ ಕಿಣ್ ಎಂದಿತು. ಪರದೆಯ ಮೇಲೆ ಹಸಿರು ಗುರುತಿನ ಪಕ್ಕ ಅವಳ ಹೆಸರು, ಅವಳ ಗಂಡನ ಹೆಸರು, ಅವಳ ಊರು ಎಲ್ಲ ಬಂತು.

"ಆಯ್ತು ಅಜ್ಜಿ. ಇನ್ನು ಹೆಸರು ತೆಗೆಯೋ ಮಾತಿಲ್ಲ. ಅಂಗಡೀಲೂ ಕಣ್ಣು ತೋರಿಸಿ ಅಕ್ಕಿ ತಗೊಳ್ಳೋ ಹಾಗೆ ಬರೆದು ಕಳಿಸ್ತೀನಿ."

ಯಲ್ಲಮ್ಮ ಪರದೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಓದಲು ಬರದಿದ್ದರೂ ಅದು ತನ್ನದೇ ಎಂದು ಗೊತ್ತಾಗುವಷ್ಟು ಹೊತ್ತು ಮುಟ್ಟಿದಳು. ಆಮೇಲೆ ಬೆಂಚಿನ ಮೇಲೆ ಕೂತು, ಎಲೆಯಡಿಕೆಯ ಚೀಲ ಬಿಚ್ಚಿದಳು.

ದಯಾನಂದ ಎದ್ದ. ದಿಲೀಪ್ ಬಿಡಲಿಲ್ಲ. ಎಲ್ಲಿಂದಲೋ ಎರಡು ಕಾಫಿ ಬಂತು, ಒಂದು ತಟ್ಟೆಯಲ್ಲಿ ಬೋಂಡಾ ಬಂತು. ದಿಲೀಪ್ ಕೌಂಟರಿನಿಂದ ಹೊರಗೆ ಬಂದು, ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ದನಿ ತಗ್ಗಿಸಿದ.

"ಸಾರ್, ನಮ್ಮ ವರ್ಗಾವಣೆ ಪಟ್ಟಿ ಏನಾದ್ರೂ ನಿಮ್ಮ ಸರ್ವರಲ್ಲಿ ಬಂದಿದೆಯಾ?"

ದಯಾನಂದ ಲೋಟ ಕೆಳಗಿಟ್ಟ. ಇದು ಮಿತಿಮೀರಿತು. ಎದೆ ಮುಟ್ಟಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ. "ನೋಡಿ ದಿಲೀಪ್, ನಾನೊಬ್ಬ ಎಸ್ಟೇಟ್ ರೈಟರ್. ನಮ್ಮನೇಲಿರೋದು ಫೋಟೋ ಇಡೋ ಪೆಟ್ಟಿಗೆ. ಅದ್ರಲ್ಲಿ ನನ್ನ ಹೆಂಡತಿ ಕಡೆಯವರ ಫೋಟೋ ಬಿಟ್ರೆ ಬೇರೆ ಏನೂ ಇಲ್ಲ."

ದಿಲೀಪ್ ನಿಧಾನವಾಗಿ ತಲೆಯಾಡಿಸಿದ. ಬಹಳ ಗೌರವದಿಂದ ಮುಗುಳ್ನಕ್ಕ. "ಅರ್ಥ ಆಯ್ತು ಸಾರ್. ನೀವು ಹೊರಗೆ ಹೇಳೋ ಹಾಗಿಲ್ಲ" ಎಂದು ಬೋಂಡಾದ ತಟ್ಟೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿದ.

ಬೋಂಡಾ ಬಿಸಿಯಾಗಿತ್ತು. ದಯಾನಂದ ಒಂದು ತಿಂದ. ಬೆಂಚಿನ ಮೇಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಯಲ್ಲಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇನ್ನೊಂದು ಬೋಂಡಾ ಎತ್ತಿಕೊಂಡ. ಅರ್ಧ ತಿಂದ ಮೇಲೆ, ಯಾರಿಗೂ ಕೇಳದ ಹಾಗೆ ದಿಲೀಪನ ಕಡೆ ಸ್ವಲ್ಪ ಬಾಗಿದ.

"ಯಾವ ಊರಿಗೆ ಕೇಳಿದ್ರಿ?"